ಇಪ್ಪತ್ತೆಂಟು ದಾಟಿದವರಿಗೆ ಒಂದು ಕಾಗದ

ಕೋಲಾರದ ನರಸಾಪುರದ ಕಾರ್ಖಾನೆ ಗೇಟುಗಳಲ್ಲಿ ಕಂಪನಿ ಬಸ್ಸಿನಿಂದ ಇಳಿಯುವ, ವಯಸ್ಸು ಕೇಳಿದರೆ ಎರಡು ವರ್ಷ ಕಡಿಮೆ ಹೇಳುವ ಅಕ್ಕಂದಿರಿಗೆ, ಅಣ್ಣಂದಿರಿಗೆ, ನನ್ನ ಓರಗೆಯವರೆಲ್ಲರಿಗೆ ಈ ಕಾಗದ.

ಕಂಬಗಳ ಮೇಲೆ ಅಂಟಿಸುವ ಚೀಟಿಗಳನ್ನು ನೀವೂ ನೋಡಿರುತ್ತೀರಿ. ‘ಕೆಲಸಕ್ಕೆ ಬೇಕಾಗಿದ್ದಾರೆ. ವಯಸ್ಸು 18ರಿಂದ 28. ಊಟ, ಬಸ್ಸು ಫ್ರೀ.’ ಸಂತೆಯಲ್ಲಿ ಹಸು ಕೊಳ್ಳುವವರು ಮೊದಲು ಬಾಯಿ ಬಿಡಿಸಿ ಹಲ್ಲು ನೋಡುತ್ತಾರಲ್ಲ, ಇದೂ ಹಾಗೇ. ಇಪ್ಪತ್ತೆಂಟು ದಾಟಿದರೆ ಲೈನಿನಲ್ಲಿ ಜಾಗವಿಲ್ಲ. ಹೌಸ್‌ಕೀಪಿಂಗು, ಕ್ಯಾಂಟೀನು, ಸೆಕ್ಯುರಿಟಿ, ಇಷ್ಟೇ ನಮ್ಮ ಪಾಲಿಗೆ. ನಾನು ಕಾಂಟ್ರಾಕ್ಟರ್ ಕಡೆಯಿಂದ ಸೇರಿದಾಗ ನನಗೆ ಮೂವತ್ತೈದು. ಕ್ಯಾಂಟೀನಿನಲ್ಲಿ ತಟ್ಟೆ ತೊಳೆಯುವ ಕಡೆಗೆ ಹಾಕಿದರು. ಎಂಟು ವರ್ಷ ತೊಳೆದೆ. ಈಗ ಕೋಲಾರದಲ್ಲಿ ಒಬ್ಬ ಆಡಿಟರ ಆಫೀಸಿನಲ್ಲಿ ಲೆಕ್ಕ ಬರೆಯುತ್ತೇನೆ. ಮಧ್ಯದಲ್ಲಿ ಒಂದು ಬಿ.ಕಾಂ. ಆಯಿತು.

ಈ ಕಾಗದ ಬರೆಯಬೇಕು ಅನ್ನಿಸಿದ್ದು ಒಂದು ಮಾತಿನಿಂದ. ಹಿಂದೆ ನನ್ನ ಜೊತೆ ತೊಟ್ಟಿ ಹತ್ತಿರ ನಿಲ್ಲುತ್ತಿದ್ದ ಅಕ್ಕ ಬಸ್ಸಿನಲ್ಲಿ ಸಿಕ್ಕಿದರು. ‘ನಿನ್ ತಲೆ ಚೆನ್ನಾಗಿತ್ತು, ಅದಕ್ಕೆ ಓದ್ಕೊಂಡೆ. ನಮ್ ಕೈಲೆಲ್ಲಿ ಆಗ್ತದೆ, ಬುಡಮ್ಮ’ ಅಂದರು. ಹೊಗಳಿಕೆ ಅಂದುಕೊಂಡೇ ಹೇಳಿದರು. ನನಗೆ ಮಾತ್ರ ರಾತ್ರಿಯೆಲ್ಲ ಅದು ಚುಚ್ಚುತ್ತಿತ್ತು. ಆ ಅಕ್ಕ ತಿಂಗಳ ಚೀಟಿಯಲ್ಲಿ ಇಪ್ಪತ್ತು ಜನರ ಬಾಕಿಯನ್ನು ಬಾಯಲ್ಲೇ ಇಟ್ಟುಕೊಂಡವರು. ಯಾರು ಯಾವ ತಿಂಗಳು ಎಷ್ಟು ಕೂಗಿದರು, ಕಸರು ಎಷ್ಟು ಬಂತು ಅಂತ ಪುಸ್ತಕ ನೋಡದೆ ಹೇಳುತ್ತಾರೆ. ಅವರ ತಲೆಗಿಂತ ನನ್ನ ತಲೆ ಯಾವ ಲೆಕ್ಕದಲ್ಲಿ ಹೆಚ್ಚು? ಓದಿಗೆ ಅಡ್ಡ ಬರುವುದು ತಲೆ ಅಲ್ಲ ಅಕ್ಕ. ಬೇರೆ ಏನೇನೋ. ಅದನ್ನೆಲ್ಲ ಒಂದು ಸಲ ಬರೆದು ಹೇಳಿಬಿಡೋಣ ಅಂತ.

ನನ್ನ ಕಥೆ ನಿಮ್ಮದಕ್ಕಿಂತ ಬೇರೆಯಲ್ಲ. 1995ರಲ್ಲಿ ಎಸ್ಸೆಸ್ಸೆಲ್ಸಿ ಪಾಸು, ಸೆಕೆಂಡ್ ಕ್ಲಾಸು. ಕೋಲಾರದಲ್ಲಿ ಪಿಯುಸಿ ಕಾಮರ್ಸ್‌ಗೆ ಸೇರಿ ಆರು ತಿಂಗಳು ಹೋದೆ. ಆಮೇಲೆ ಮದುವೆ ಮಾಡಿದರು. ಹದಿನೆಂಟು ತುಂಬಿತ್ತೋ ಇಲ್ಲವೋ ಯಾರೂ ಲೆಕ್ಕ ಹಾಕಲಿಲ್ಲ. ಗಂಡನ ಮನೆಯಲ್ಲಿ ಒಂದೂವರೆ ಎಕರೆ ಸೊಪ್ಪಿನ ತೋಟ, ಒಂದು ರೇಷ್ಮೆ ಹುಳದ ಮನೆ. ಹದಿಮೂರು ವರ್ಷ ಹುಳ ಮೇಯಿಸಿದೆ. ಈಗಿನ ಹುಡುಗರಿಗೆ ಹೇಳಿದರೆ ನಗುತ್ತಾರೆ, ಹುಳಕ್ಕೂ ಜ್ವರ ಬರುತ್ತದೆ ಅಂದರೆ. ಚರ್ಮ ಬಿಡುವ ಹೊತ್ತಿಗೆ ಹುಳ ಸೊಪ್ಪು ಮುಟ್ಟುವುದಿಲ್ಲ, ತಲೆ ಎತ್ತಿ ಸುಮ್ಮನೆ ಕೂತಿರುತ್ತದೆ. ಅದಕ್ಕೇ ನಾವು ಜ್ವರ ಅನ್ನುವುದು. ಅಂಥ ನಾಲ್ಕು ಜ್ವರ ದಾಟಿದ ಮೇಲೆಯೇ ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆ ಹತ್ತುವುದು. ಆ ದಿನಗಳಲ್ಲಿ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ಮುಂದೆ ನೈಟ್ ಶಿಫ್ಟು ನನಗೆ ಕಷ್ಟ ಅನ್ನಿಸದೆ ಇದ್ದದ್ದು ಹುಳದ ಮನೆಯಿಂದಲೇ.

ಆಮೇಲೆ ಬೋರು ಬತ್ತಿತು. ಇನ್ನೊಂದು ಹಾಕಿಸಿದೆವು. ಸಾವಿರದ ಇನ್ನೂರು ಅಡಿಗೂ ಬರೀ ಧೂಳು. ಅಷ್ಟರಲ್ಲಿ ನಮ್ಮ ಪಕ್ಕದ ಜಮೀನುಗಳು ಕೈಗಾರಿಕೆಗೆ ಹೋದವು, ನಮ್ಮದರಲ್ಲೂ ಒಂದು ಭಾಗ ಹೋಯಿತು. 2013ರಲ್ಲಿ ಹೋಂಡಾದವರು ದೇಶದಲ್ಲೇ ತಮ್ಮ ಮೂರನೇ ಸ್ಕೂಟರ್ ಕಾರ್ಖಾನೆಯನ್ನು ಇಲ್ಲಿ ಶುರು ಮಾಡಿದರು. ಆ ಮೇಲೆ ಒಂದರ ಹಿಂದೆ ಒಂದು. ನಮ್ಮ ಹೋಬಳಿಯ ಲಕ್ಷ್ಮೀಸಾಗರದ ಕೆರೆಗೆ 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿಯ ನೀರು ಹರಿದಾಗ ಊರೂರಿನವರೂ ಹೋಗಿ ನೋಡಿ ಬಂದರು. ಬೆಂಗಳೂರಿನ ಕೊಳಚೆಯನ್ನು ಶುದ್ಧ ಮಾಡಿ ಕಳಿಸಿದ ನೀರು, ಅದರ ಮೇಲಿನ ಜಗಳ ಇನ್ನೂ ಇದೆ. ಅಂತೂ ನೀರು ಬಂತು. ನಮ್ಮ ಹುಳದ ಮನೆಯ ಜಂತೆಯನ್ನು ಅಷ್ಟರೊಳಗೆ ಮಾರಿ ಆಗಿತ್ತು. ಗಂಡ ಗೇಟಿನಲ್ಲಿ ಸೆಕ್ಯುರಿಟಿ, ನಾನು ಒಳಗೆ ಕ್ಯಾಂಟೀನು.

ನಮ್ಮ ಸೀಮೆಯ ಕಸುಬು ಹೀಗೆ ಬುಡಮೇಲಾಗುತ್ತಲೇ ಇರುತ್ತದೆ. ಇದನ್ನು ನಮಗಿಂತ ಚೆನ್ನಾಗಿ ಬಲ್ಲವರು ಕೆಜಿಎಫ್‌ನವರು. ನೂರಿಪ್ಪತ್ತು ವರ್ಷ ನಡೆದ ಗಣಿ 2001ರ ಫೆಬ್ರುವರಿ 28ಕ್ಕೆ ಮುಚ್ಚಿತು. ನೆಲದೊಳಗೆ ಮೈಲಿಗಟ್ಟಲೆ ಇಳಿದು ಬಂಡೆ ಕೊರೆಯುವುದನ್ನು ಬಲ್ಲ ಗಂಡಸರಿಗೆ ನೆಲದ ಮೇಲೆ ಅದೇ ಕೆಲಸ ಎಲ್ಲಿಂದ ಬರಬೇಕು? ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಅಪಾರ್ಟ್‌ಮೆಂಟ್ ಕಾದರು. ಅವರ ಮಕ್ಕಳು ಈಗಲೂ ಅದೇ ರೈಲುಗಳಲ್ಲಿ ನಿಂತುಕೊಂಡು ಹೋಗುತ್ತಾರೆ. ಆಗ ಅವರಿಗೆ ಯಾರಾದರೂ ‘ನಲವತ್ತಕ್ಕೆ ಇನ್ನೊಂದು ವಿದ್ಯೆ ಕಲಿಯಬಹುದು, ಕಾಲೇಜಿನ ಬಾಗಿಲು ಹಾಕಿಲ್ಲ’ ಅಂತ ಹೇಳಿದ್ದರೆ ಅನ್ನಿಸುತ್ತದೆ. ಹೇಳಿದ್ದರೂ ಎಷ್ಟು ಜನ ಕೇಳುತ್ತಿದ್ದರು ಅನ್ನುವುದು ಬೇರೆ ಮಾತು. ನನಗೂ ಹೇಳಿದವರು ಇದ್ದರು. ನಾಲ್ಕು ವರ್ಷ ಕಿವಿಗೆ ಹಾಕಿಕೊಳ್ಳಲಿಲ್ಲ.

ಕೇಳುವಂತೆ ಮಾಡಿದ್ದು ಒಂದು ಸಾಲ. ಮಗಳ ಕಾಲೇಜಿಗೆ ಅಂತ ಐವತ್ತು ಸಾವಿರ ತೆಗೆದುಕೊಂಡಿದ್ದೆ. ‘ತಿಂಗಳಿಗೆ ಬರೀ ಒಂದು ಪರ್ಸೆಂಟು, ಫ್ಲಾಟು’ ಅಂದರು. ಎರಡು ವರ್ಷಕ್ಕೆ ಬಡ್ಡಿ ಹನ್ನೆರಡು ಸಾವಿರ, ಒಟ್ಟು ಅರವತ್ತೆರಡು ಸಾವಿರ, ತಿಂಗಳಿಗೆ ಎರಡು ಸಾವಿರದ ಐನೂರ ಎಂಬತ್ತಮೂರು. ನನಗೆ ಸರಿಯಾಗೇ ಕಂಡಿತು. ಮಗಳು ಒಂದು ರಾತ್ರಿ ತನ್ನ ಬಿಸಿನೆಸ್ ಮ್ಯಾಥ್ಸ್ ಪುಸ್ತಕದಲ್ಲಿ ಅದೇ ಲೆಕ್ಕ ತೋರಿಸಿದಳು. ತಿಂಗಳು ತಿಂಗಳೂ ಅಸಲು ತೀರಿಸುತ್ತಾ ಬರುತ್ತೇವೆ, ಬಡ್ಡಿ ಮಾತ್ರ ಕೊನೆಯ ತಿಂಗಳವರೆಗೂ ಪೂರ್ತಿ ಐವತ್ತು ಸಾವಿರಕ್ಕೇ ಹಾಕುತ್ತಾರೆ. ಉಳಿದ ಅಸಲಿಗೆ ಹಾಕಿ ನೋಡಿದರೆ ವರ್ಷಕ್ಕೆ ಹನ್ನೆರಡಲ್ಲ, ಇಪ್ಪತ್ತೊಂದೂವರೆಯ ಮೇಲೆ. ನಾನು ಸ್ತ್ರೀಶಕ್ತಿ ಸಂಘದಲ್ಲಿ ಆರು ವರ್ಷ ಪುಸ್ತಕ ಬರೆದವಳು. ಕೂಡುವುದು, ಕಳೆಯುವುದು ಎಲ್ಲ ಬರುತ್ತಿತ್ತು. ಈ ಒಂದು ಪುಟ ಗೊತ್ತಿರಲಿಲ್ಲ. ಆ ಪುಟದ ಬೆಲೆ ಎಷ್ಟು ಅಂತ ಲೆಕ್ಕ ಹಾಕಿದೆ. ಹೆಚ್ಚಿಗೆ ಕೊಟ್ಟ ಬಡ್ಡಿ, ಸುಮಾರು ಐದೂವರೆ ಸಾವಿರ ರೂಪಾಯಿ. ಅವತ್ತು ರಾತ್ರಿಯೇ ಟ್ರಂಕಿನ ತಳದಿಂದ ಮಾರ್ಕ್ಸ್ ಕಾರ್ಡ್ ತೆಗೆದೆ.

ತೆಗೆದ ಮೇಲೆ ಶುರುವಾಯಿತು ನೋಡಿ. ಮಾರ್ಕ್ಸ್ ಕಾರ್ಡಿನಲ್ಲಿ ನನ್ನ ಹೆಸರಿನ ಕೊನೆಗೆ ‘ಅಮ್ಮ’ ಇದೆ. ಆಧಾರಿನಲ್ಲಿ ‘ಅಮ್ಮ’ ಇಲ್ಲ. ಒಂದರಲ್ಲಿ ಅಪ್ಪನ ಇನಿಷಿಯಲ್ಲು, ಇನ್ನೊಂದರಲ್ಲಿ ಗಂಡನದು. ರೇಷನ್ ಕಾರ್ಡಿನಲ್ಲಿ ಮೂರನೆಯವಳೇ ಯಾರೋ ಇದ್ದಾಳೆ. ಹುಟ್ಟಿದ ತಾರೀಖು ಮೇಷ್ಟ್ರು ಶಾಲೆಗೆ ಸೇರಿಸುವಾಗ ಅಂದಾಜಿನಲ್ಲಿ ಬರೆದದ್ದು, ಆಧಾರಿನವರು ಅವರ ಅಂದಾಜಿನಲ್ಲಿ ಬರೆದದ್ದು. ಈ ಮೂವರು ಹೆಂಗಸರೂ ನಾನೊಬ್ಬಳೇ ಅಂತ ರುಜುವಾತು ಮಾಡಲು ನೋಟರಿ, ಅಫಿಡವಿಟ್ಟು, ಮೂರು ರಜೆ, ಮೂರು ದಿನದ ಸಂಬಳ. ನಿಮ್ಮಲ್ಲಿ ಮುಕ್ಕಾಲು ಜನ ಇಲ್ಲಿಯೇ ಕೈ ಬಿಡುತ್ತೀರಿ, ನನಗೆ ಗೊತ್ತು. ಅದಕ್ಕೇ ಹೇಳುತ್ತೇನೆ, ಓದುತ್ತೀರೋ ಬಿಡುತ್ತೀರೋ, ಹೆಸರು ಮೊದಲು ಸರಿ ಮಾಡಿಸಿಕೊಳ್ಳಿ. ದೂರಶಿಕ್ಷಣಕ್ಕೆ ಸೇರಲು ಯುಜಿಸಿಯವರು ಈಗ ಡಿಇಬಿ ಐಡಿ ಅಂತ ಒಂದು ನಂಬರು ಕಡ್ಡಾಯ ಮಾಡಿದ್ದಾರೆ. ಅದಕ್ಕೆ ಮೊದಲು ಎಬಿಸಿ ಐಡಿ ಬೇಕು, ಅದಕ್ಕೆ ಆಧಾರ್ ಬೇಕು. ಹೆಸರು ಕೂಡದಿದ್ದರೆ ಕಂಪ್ಯೂಟರು ಜಪ್ಪಯ್ಯ ಅಂದರೂ ಮುಂದೆ ಹೋಗುವುದಿಲ್ಲ.

ಎಸ್ಸೆಸ್ಸೆಲ್ಸಿ ಪಾಸಾಗಿ ನಿಂತವರು ಆರ್ಟ್ಸು, ಕಾಮರ್ಸಿನಲ್ಲಿ ಖಾಸಗಿ ಅಭ್ಯರ್ಥಿಯಾಗಿ ನೇರವಾಗಿ ಸೆಕೆಂಡ್ ಪಿಯುಸಿ ಕಟ್ಟಬಹುದು. ಸೈನ್ಸಿಗೆ ಪ್ರಾಕ್ಟಿಕಲ್ ಇರುವುದರಿಂದ ಹಾಗಾಗುವುದಿಲ್ಲ. ಹತ್ತನೇ ಕ್ಲಾಸೇ ಆಗದವರು ಅದನ್ನೂ ಖಾಸಗಿಯಾಗಿ ಕಟ್ಟಬಹುದು. ನಾನು 2019ರ ಮಾರ್ಚಿನಲ್ಲಿ ಕೂತೆ. ಎಲ್ಲ ಬಂತು, ಇಂಗ್ಲಿಷಿನಲ್ಲಿ ಮಾತ್ರ ಮೂವತ್ತೊಂದು ಬಂದು ಫೇಲು. ನಮ್ಮ ಕಡೆಯವರ ಗತಿ ಗೊತ್ತಲ್ಲ, ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಇಂಗ್ಲಿಷು ಬಸ್ಸಿನ ಬೋರ್ಡಿನಲ್ಲಿ. ಜೂನಿನಲ್ಲಿ ಸಪ್ಲಿಮೆಂಟರಿಗೆ ಹೋದರೆ ಪಕ್ಕದ ಬೆಂಚಿನಲ್ಲಿ ನಮ್ಮೂರಿನ ಹುಡುಗ! ನಾನೇ ಎತ್ತಿ ಆಡಿಸಿದವನು. ನನ್ನನ್ನು ನೋಡಿ ಕಣ್ಣರಳಿಸಿ, ‘ಅತ್ತೇ, ನಿಮ್ದೂ ಇಂಗ್ಲಿಷೇ ಹೋಯ್ತಾ?’ ಅಂತ ಕೋಣೆಗೆಲ್ಲ ಕೇಳುವ ಹಾಗೆ ಕೇಳಿದ. ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಆಮೇಲೆ ನೋಡಿದರೆ ಅವನಿಗೆ ಅದರಲ್ಲಿ ತಮಾಷೆಯೇನೂ ಇರಲಿಲ್ಲ. ಜೊತೆಗೊಬ್ಬರು ಸಿಕ್ಕಿದರಲ್ಲ ಅಂತ ಖುಷಿಯಾಗಿದ್ದ. ಇಬ್ಬರೂ ಪಾಸಾದೆವು. ನಾಚಿಕೆ ಅನ್ನುವುದು ಆವತ್ತು ಆ ಬೆಂಚಿನ ಮೇಲೆಯೇ ಮುಗಿಯಿತು. ಈಗಂತೂ ಪರೀಕ್ಷೆ ವರ್ಷಕ್ಕೊಂದೇ ಸಲವಲ್ಲ, ಹೋದ ಸಬ್ಜೆಕ್ಟನ್ನು ಬೇಗ ಕಟ್ಟಿಕೊಳ್ಳಬಹುದು.

ಡಿಗ್ರಿಗೆ ಮೈಸೂರಿನ ಮುಕ್ತ ವಿಶ್ವವಿದ್ಯಾಲಯ ಸೇರಿದೆ. 1996ರಲ್ಲಿ ಶುರುವಾದದ್ದು. ಮಾನ್ಯತೆ ಇಲ್ಲದೆ ಕೆಲವು ವರ್ಷ ಒದ್ದಾಡಿ 2018ರಲ್ಲಿ ಮತ್ತೆ ಪಡೆದುಕೊಂಡಿತ್ತು. ಆ ಮಧ್ಯದಲ್ಲಿ ಸಿಕ್ಕಿಕೊಂಡವರ ಪಾಡು ಕೇಳಿದ್ದರಿಂದ ನಾನು ಮೊದಲು ಕೇಳಿದ ಪ್ರಶ್ನೆಯೇ ‘ಈ ವರ್ಷಕ್ಕೆ, ಈ ಕೋರ್ಸಿಗೆ ಮಾನ್ಯತೆ ಇದೆಯಾ ಸಾರ್’ ಅನ್ನುವುದು. ನೀವು ಎಲ್ಲಿ ಸೇರಿದರೂ ಅದನ್ನು ಕೇಳಿ. ‘ಒಂದೇ ವರ್ಷದಲ್ಲಿ ಡಿಗ್ರಿ, ಪರೀಕ್ಷೆಗೆ ಬರೋದೇ ಬೇಡ’ ಅಂತ ಬರುವ ಏಜೆಂಟರಿಗೆ ಒಂದು ಲೋಟ ನೀರು ಕೊಟ್ಟು ಕಳಿಸಿ, ದುಡ್ಡು ಕೊಡಬೇಡಿ.

ಓದಿದ್ದು ಯಾವಾಗ ಅಂತ ಕೇಳುತ್ತೀರಿ. ಸತ್ಯ ಹೇಳಬೇಕೆಂದರೆ ಬಸ್ಸಿನಲ್ಲಿ, ಮತ್ತೆ ಬೆಳಗಿನ ಜಾವ. ಭಾನುವಾರ ಕೋಲಾರದ ಸಂಪರ್ಕ ತರಗತಿಯಲ್ಲಿ ಎಷ್ಟೋ ಸಲ ಕೂತಲ್ಲೇ ತೂಕಡಿಸಿದ್ದೇನೆ. ನನ್ನ ಬಿ.ಕಾಂ.ನ ಕಾಲುಭಾಗ ನಿದ್ದೆಯಲ್ಲೇ ಆಗಿದೆ ಅಂತ ಮಗಳು ಇವತ್ತಿಗೂ ಆಡಿಕೊಳ್ಳುತ್ತಾಳೆ. ಮನೆಯವರು ‘ಓದು’ ಅಂತಲೂ ಹೇಳಲಿಲ್ಲ, ‘ಬೇಡ’ ಅಂತಲೂ ಹೇಳಲಿಲ್ಲ. ಪರೀಕ್ಷೆ ತಿಂಗಳಲ್ಲಿ ಮುದ್ದೆ ತಿರುವಲು ಶುರು ಮಾಡಿದರು. ಗಂಟು ಗಂಟು ಮುದ್ದೆ. ಬಾಯಿ ಮುಚ್ಚಿಕೊಂಡು ಉಂಡೆವು. ಮೊದಲ ವರ್ಷ ಅಕೌಂಟ್ಸಿನಲ್ಲಿ ಫೇಲಾದೆ, ಎರಡನೇ ವರ್ಷ ಕೊರೋನಾ ಬಂದು ಪರೀಕ್ಷೆಯೇ ಮುಂದಕ್ಕೆ ಹೋಯಿತು. ಮೂರು ವರ್ಷದ್ದು ನಾಲ್ಕು ದಾಟಿತು. ಡಿಗ್ರಿ ಕೈಗೆ ಬಂದಾಗ ನಲವತ್ತನಾಲ್ಕು.

ಸಮಯದ ವಿಚಾರದಲ್ಲಿ ನಿಮ್ಮ ಪಾಡು ನನ್ನದಕ್ಕಿಂತ ಕಷ್ಟ ಆಗಬಹುದು ಅನ್ನುವ ಅಳುಕಿದೆ. 2023ರಲ್ಲಿ ನಮ್ಮ ರಾಜ್ಯ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದಿತು. ವಾರಕ್ಕೆ 48 ಗಂಟೆಯ ಮಿತಿಯೊಳಗೆ ದಿನಕ್ಕೆ 12 ಗಂಟೆಯವರೆಗೂ ದುಡಿಸಿಕೊಳ್ಳಬಹುದು ಅಂತಾಯಿತು. ಮೂರು ತಿಂಗಳಿಗೆ 75 ಗಂಟೆ ಇದ್ದ ಓಟಿ ಮಿತಿ 145 ಆಯಿತು. ಹೆಂಗಸರ ನೈಟ್ ಶಿಫ್ಟಿಗೂ ಕಾಯ್ದೆಯಲ್ಲೇ ದಾರಿಯಾಯಿತು. ಕಾಗದದ ಮೇಲೆ ಕೆಲಸಗಾರರ ಒಪ್ಪಿಗೆ ಬೇಕು ಅಂತಿತ್ತು. ಕಾಂಟ್ರಾಕ್ಟಿನವಳ ಒಪ್ಪಿಗೆ ಅಂದರೆ ಏನು ಅನ್ನುವುದನ್ನು ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಹನ್ನೆರಡು ಗಂಟೆ ನಿಂತು ಬಂದವರಿಗೆ ‘ಬೆಳಗಿನ ಜಾವ ಎದ್ದು ಓದಿ’ ಅನ್ನಲು ನನಗೆ ಬಾಯಿ ಬರುವುದಿಲ್ಲ. ವಾರಕ್ಕೆ ಒಂದು ದಿನ ಬಿಡುವು ಗಟ್ಟಿಯಾಗಿ ಸಿಗುತ್ತದಾದರೆ ಮಾತ್ರ ಸೇರಿ. ಇಲ್ಲದಿದ್ದರೆ ಆರು ತಿಂಗಳು ತಡೆಯಿರಿ, ಜುಲೈ ತಪ್ಪಿದರೆ ಜನವರಿ ಪ್ರವೇಶ ಇದ್ದೇ ಇರುತ್ತದೆ.

ಓದಿದರೆ ಬದುಕು ಬಂಗಾರ ಆಗುತ್ತದೆ ಅಂತ ನಾನು ಹೇಳುತ್ತಿಲ್ಲ. 2020ರ ಡಿಸೆಂಬರ್ 12ರ ಬೆಳಿಗ್ಗೆ ನಮ್ಮ ನರಸಾಪುರದ ಹೆಸರು ಪ್ರಪಂಚದ ಪೇಪರುಗಳಲ್ಲೆಲ್ಲ ಬಂತಲ್ಲ, ಆ ಫೋನ್ ಕಾರ್ಖಾನೆಯ ಗಲಾಟೆ. ಸಂಬಳ ಹೇಳಿದಷ್ಟು ಬರಲಿಲ್ಲ ಅನ್ನುವ ಸಿಟ್ಟು ಒಡೆದು ಗಾಜೆಲ್ಲ ಪುಡಿಯಾಯಿತು. ಕೆಲವರಿಗೆ ಸಂಬಳ ಸರಿಯಾಗಿ ಹೋಗಿಲ್ಲ ಅಂತ ಆಮೇಲೆ ಕಂಪನಿಯೇ ಒಪ್ಪಿಕೊಂಡಿತು. ಅಲ್ಲಿ ಕೆಲಸಕ್ಕಿದ್ದವರಲ್ಲಿ ಡಿಪ್ಲೊಮಾ ಓದಿದವರಿದ್ದರು, ಎಂಜಿನಿಯರಿಂಗ್ ಓದಿದವರೂ ಇದ್ದರು. ಡಿಗ್ರಿ ಅವರನ್ನು ಕಾಯಲಿಲ್ಲ. ಇಪ್ಪತ್ತಮೂರರ ಎಂಜಿನಿಯರಿಗೇ ಆ ಗತಿ ಆದಾಗ ನಲವತ್ತನಾಲ್ಕರ ಬಿ.ಕಾಂ.ಗೆ ಯಾರು ಹೂವಿನ ಹಾರ ಹಿಡಿದು ನಿಂತಿರುತ್ತಾರೆ? ಸರ್ಕಾರಿ ಕೆಲಸದ ವಯಸ್ಸು ನನ್ನಷ್ಟು ವಯಸ್ಸಾದವರಿಗೆ ದಾಟಿದೆ, ಅಂಥವರು ಆ ಆಸೆ ಇಟ್ಟುಕೊಳ್ಳಬೇಡಿ. ನಾನು ಐದು ಆಫೀಸು ಅಲೆದೆ. ‘ಮೇಡಂ, ನಿಮ್ಮ ವಯಸ್ಸಿಗೆ ಹುಡುಗರ ಜೊತೆ ಹೊಂದಿಕೊಳ್ಳೋದು ಕಷ್ಟ’ ಅಂತ ನಯವಾಗಿ ಕಳಿಸಿದರು. ಆರನೆಯವರು ತೆಗೆದುಕೊಂಡದ್ದು ಡಿಗ್ರಿ ನೋಡಿ ಅಲ್ಲ, ಸಂಘದ ಪುಸ್ತಕ ನೋಡಿ. ಹಾಲಿನ ಡೇರಿ, ಮಹಿಳಾ ಸಂಘ ಇಂಥವುಗಳ ಲೆಕ್ಕ ಅವರಲ್ಲಿಗೆ ಬರುತ್ತದೆ, ಹಳ್ಳಿಯವರ ಜೊತೆ ಮಾತಾಡಬಲ್ಲವರು ಬೇಕಿತ್ತು. ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವ ಟ್ಯಾಲಿ ಮಗಳು ಕಲಿಸಿದಳು. ಮೊದಲ ವರ್ಷ ಸಂಬಳ ಕ್ಯಾಂಟೀನಿಗಿಂತ ಕಡಿಮೆ ಇತ್ತು, ಈಗ ಸ್ವಲ್ಪ ಹೆಚ್ಚು. ಕೈ ಸೋಡಾದಲ್ಲಿ ಬಿರಿಯುವುದು ನಿಂತಿದೆ. ಕತ್ತಲಾಗುವ ಮೊದಲು ಮನೆ ಸೇರುತ್ತೇನೆ.

ಶಾಲೆಯ ವಾರ್ಷಿಕೋತ್ಸವಗಳಲ್ಲಿ ಭಾಷಣಕಾರರು ಡಿವಿಜಿಯವರ ಉದಾಹರಣೆ ಕೊಡುತ್ತಾರೆ. ನಮ್ಮ ಮುಳಬಾಗಿಲಿನವರು, ಮೆಟ್ರಿಕ್ ದಾಟಲಿಲ್ಲ, ಆದರೂ ಮೈಸೂರು ವಿಶ್ವವಿದ್ಯಾಲಯ ಅವರನ್ನು ಕರೆದು ಡಾಕ್ಟರೇಟ್ ಕೊಟ್ಟಿತು ಅಂತ. ದೊಡ್ಡವರ ಬಗ್ಗೆ ನನಗೆ ಗೌರವ ಇದೆ, ಆದರೆ ಆ ಉದಾಹರಣೆ ಕೇಳಿ ಸಾಕಾಗಿದೆ. ಎಲ್ಲರೂ ಡಿವಿಜಿ ಆಗುವುದಿಲ್ಲ. ಪರೀಕ್ಷೆಯಿಲ್ಲದೆ ವಿದ್ವತ್ತು ಗಳಿಸುವಷ್ಟು ನಮ್ಮಂಥವರಿಗೆ ಪುರುಸೊತ್ತೂ ಇಲ್ಲ, ಪುಸ್ತಕವೂ ಇಲ್ಲ. ನಮಗೆ ಪರೀಕ್ಷೆಯೇ ಬೇಕು. ತಾರೀಖು ಹಾಕಿ, ಹಾಲ್ ಟಿಕೆಟ್ ಕೊಟ್ಟು, ‘ಬಂದು ಕೂತ್ಕೋ’ ಅನ್ನುವವರು ಬೇಕು. ಕಾಲೇಜಿಗೆ ಸೇರಿ ಅಂತ ನಾನು ಹೇಳುವುದು ಅದಕ್ಕೇ. ‘ಮನೆಯಲ್ಲೇ ಮೊಬೈಲಿನಲ್ಲಿ ಕಲೀಬೋದು’ ಅನ್ನುವವರು ಇದ್ದಾರೆ. ಆ ಮೊಬೈಲಿನಲ್ಲಿ ನಾವು ಏನು ನೋಡುತ್ತೇವೆ ಅಂತ ನನಗೂ ಗೊತ್ತು, ನಿಮಗೂ ಗೊತ್ತು.

ವಯಸ್ಸಿನ ಬಗ್ಗೆ ಇನ್ನೊಂದು ಮಾತು. ಡಾಕ್ಟರ್ ಓದಲು ಬರೆಯುವ ನೀಟ್ ಪರೀಕ್ಷೆಗೆ ಗರಿಷ್ಠ ವಯಸ್ಸಿನ ಮಿತಿ ಇತ್ತು, 2022ರಲ್ಲಿ ಅದನ್ನು ತೆಗೆದುಹಾಕಿದರು. ಸ್ಕ್ರೂ ತಿರುಗಿಸಲು ಇಪ್ಪತ್ತೆಂಟರೊಳಗಿರಬೇಕು, ಹೊಟ್ಟೆ ಕೊಯ್ಯುವುದನ್ನು ಕಲಿಯಲು ಎಷ್ಟಾದರೂ ಆಗಿರಬಹುದು. ಕಂಬದ ಮೇಲಿನ ಆ ಚೀಟಿ ಬರೆಯುವವರನ್ನು ಒಂದು ಸಲ ಎದುರಿಗೆ ಕೂರಿಸಿಕೊಂಡು ಕೇಳಬೇಕು ಅಂತ ನನಗೆ ಬಹಳ ಆಸೆ.

‘ಮಕ್ಕಳು ಓದಿ ಮುಗಿಸಲಿ, ಆಮೇಲೆ ನೋಡೋಣ’ ಅನ್ನುತ್ತೀರಿ. ನಾನೂ ಹಾಗೇ ಅಂದಿದ್ದೆ. ಮಕ್ಕಳು ಓದಿ ಮುಗಿಸಿದ ಮೇಲೆ ಅವರ ಮದುವೆ, ಅದಾದ ಮೇಲೆ ಬಾಣಂತನ. ‘ಆಮೇಲೆ’ ಅನ್ನುವ ದಿನ ನಮ್ಮ ಕ್ಯಾಲೆಂಡರಿನಲ್ಲಿ ಅಚ್ಚಾಗುವುದಿಲ್ಲ. ನಾನು ಮಗಳು ಓದುವಾಗಲೇ ಓದಿದ್ದರಿಂದ ಒಂದು ಲಾಭವೂ ಆಯಿತು, ಪುಸ್ತಕ ಅವಳದ್ದೇ ಸಿಕ್ಕಿತು.

ಖರ್ಚಿನ ಮಾತಿಗೆ ಬಂದರೆ, ನಾನು ಓದುವಾಗ ಪ್ರತಿ ಭಾನುವಾರ ಬಸ್ ಟಿಕೆಟ್ಟಿಗೆ ದುಡ್ಡು ಎಣಿಸುತ್ತಿದ್ದೆ. 2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ. ಸಂತೆಗೆ, ದೇವಸ್ಥಾನಕ್ಕೆ ಹೋಗುವ ಬಸ್ಸೇ ಕ್ಲಾಸಿಗೂ ಹೋಗುತ್ತದೆ. ಅಣ್ಣಂದಿರು ಟಿಕೆಟ್ ತೆಗೆದುಕೊಳ್ಳಿ, ಅದಕ್ಕೆ ನಾನೇನೂ ಮಾಡಲಾಗುವುದಿಲ್ಲ. ಫೀಸಿನಲ್ಲಿ ಯಾರಿಗೆ ಎಷ್ಟು ರಿಯಾಯಿತಿ ಇದೆ ಅಂತ ಸೇರುವಾಗ ಬಾಯಿ ಬಿಟ್ಟು ಕೇಳಿ. ಕೇಳದವರಿಗೆ ಯಾರೂ ಕರೆದು ಕೊಡುವುದಿಲ್ಲ.

ತೊಟ್ಟಿ ಹತ್ತಿರ ನಿಲ್ಲುತ್ತಿದ್ದ ಅಕ್ಕನಿಗೆ ಈ ಕಾಗದ ಓದಿ ಹೇಳಿದೆ. ಎಲ್ಲ ಕೇಳಿ, ‘ನಂದು ಎಂಟನೇ ಕ್ಲಾಸು ಕಣಮ್ಮ, ಟಿಸಿ ಇಲಿ ಕಡ್ದದೆ’ ಅಂದರು. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಹೆಸರು ಇರುತ್ತದೆ, ಅರ್ಜಿ ಕೊಟ್ಟು ನಕಲು ಕೇಳಬಹುದು. ಬರುವ ಭಾನುವಾರ ಅವರ ಅರ್ಜಿ ಬರೆಯುವುದಿದೆ. ಬೆಳಿಗ್ಗೆ ಹತ್ತರಿಂದ ಒಂದು ಗಂಟೆಯವರೆಗೆ ನರಸಾಪುರದ ಬಸ್ ನಿಲ್ದಾಣದ ನೆರಳಿನಲ್ಲಿ ಇರುತ್ತೇನೆ. ನಿಮ್ಮ ಮಾರ್ಕ್ಸ್ ಕಾರ್ಡು, ಟಿಸಿ, ಆಧಾರು, ಎರಡು ಫೋಟೋ ತನ್ನಿ. ಹೆಸರು ಕೂಡದಿದ್ದರೂ ತನ್ನಿ, ಇಲಿ ಕಡಿದಿದ್ದರೂ ತನ್ನಿ. ಪೆನ್ನು ನಾನು ತರುತ್ತೇನೆ.

ಇಂತಿ,
ನಿಮ್ಮ ಹಳೇ ಕ್ಯಾಂಟೀನಿನವಳು